ಅಂಚೆಗೆ ಹಾಕಿದ ಅಗುಳಿ

ಹೊಳೆನರಸೀಪುರದಿಂದ ಹಾಸನಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನ್ನ ಮಡಿಲ ಮೇಲೆ ದಿನವೂ ಎರಡು ಡಬ್ಬಿಗಳಿರುತ್ತವೆ. ಒಂದರಲ್ಲಿ ನನ್ನ ಮಧ್ಯಾಹ್ನದ ಬುತ್ತಿ. ಚಿತ್ರಾನ್ನವೋ, ಗೊಜ್ಜವಲಕ್ಕಿಯೋ, ಹಿಂದಿನ ದಿನದ ಹುಳಿ ಮಿಕ್ಕಿದ್ದರೆ ಅದನ್ನೇ ಕಲಸಿದ ಅನ್ನವೋ. ಇನ್ನೊಂದರಲ್ಲಿ, ಮಂಜುಗಡ್ಡೆಯ ನಡುವೆ ಸಾಲಾಗಿ ನಿಂತ ಪುಟ್ಟ ಕೊಳವೆಗಳಲ್ಲಿ, ನಮ್ಮೂರಿನ ಹತ್ತಾರು ಜನರ ರಕ್ತ. ಪಕ್ಕದಲ್ಲಿ ಕುಳಿತವರು ಮೀನೋ ಐಸ್‌ಕ್ರೀಮೋ ಎಂದು ತಿಳಿದು ನಗುತ್ತಾರೆ. ನಾನು ನಿಜ ಹೇಳುವುದಿಲ್ಲ. ಹೇಳಿದರೆ ಅವರು ಕಾಲು ಸರಿಸಿ ಕೂರುತ್ತಾರೆಂಬುದು ಒಂದು ಕಾರಣ. ಆ ಡಬ್ಬಿಯೊಳಗೆ ಯಾರದೋ ಭಯ ತಣ್ಣಗೆ ಕುಳಿತಿದೆ, ಅದನ್ನು ಬಸ್ಸಿನಲ್ಲಿ ಬಾಯಿಗೆ ತರಬಾರದೆಂಬುದು ಇನ್ನೊಂದು.

ನೀವು ಎಂದಾದರೂ ರಕ್ತ ಕೊಟ್ಟು, ಮೊಣಕೈಯ ಹತ್ತಿಯನ್ನು ಒತ್ತಿ ಹಿಡಿದು ಮನೆಗೆ ಬಂದವರಾದರೆ ಆಮೇಲಿನ ಕಾಯುವಿಕೆ ನಿಮಗೆ ಗೊತ್ತು. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿರುತ್ತದೆ, ಯಾರೋ ಬಂದು ಏನೋ ಕೇಳಿ ಹೋಗುತ್ತಾರೆ, ನೀವು ಉತ್ತರವನ್ನೂ ಕೊಡುತ್ತೀರಿ. ಆದರೆ ಮನಸ್ಸಿನ ಒಂದು ಕಿವಿ ಮಾತ್ರ ಮೊಬೈಲಿನ 'ಟಿಂಗ್' ಎನ್ನುವ ಸದ್ದಿಗಾಗಿ ಬಾಗಿಲ ಬಳಿಯೇ ನಿಂತಿರುತ್ತದೆ. ನಾನು ಕೆಲಸ ಮಾಡುವುದು ಹಾಸನದ ಒಂದು ರಕ್ತಪರೀಕ್ಷಾ ಲ್ಯಾಬಿನಲ್ಲಿ. ನಮ್ಮೂರಿನಿಂದ, ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ ರಕ್ತ ಬಸ್ಸಿನಲ್ಲಿ ಬರುತ್ತದೆ. ಸಂಜೆಯ ಹೊತ್ತಿಗೆ ಇಮೇಲ್ ಆಗಿ ಹಿಂದಿರುಗುತ್ತದೆ. ರಕ್ತ ನೋಡುವ ಕೆಲಸ ನನ್ನದಲ್ಲ, ಅದು ಸುಧಾಳದು. ನನಗಿಂತ ಹತ್ತು ವರ್ಷ ಚಿಕ್ಕವಳು, ಸೂಜಿಮೊನೆಯಂಥ ಚೂಪುಗಣ್ಣಿನ ಹುಡುಗಿ. ನನ್ನದು ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ. ಹದಿನಾರು ವರ್ಷಗಳಿಂದ ಅದನ್ನೇ ಮಾಡುತ್ತಿದ್ದೇನೆ, ಚೆನ್ನಾಗಿಯೇ ಮಾಡುತ್ತೇನೆಂಬ ಹೆಮ್ಮೆಯೂ ಇತ್ತು. 'ಇತ್ತು' ಎಂಬ ಕ್ರಿಯಾಪದವನ್ನು ಗಮನಿಸಿ. ನಾನು ಹೇಳಹೊರಟಿರುವುದು ಅದರ ಕಥೆಯನ್ನೇ.

ಕಳೆದ ವರ್ಷ ಒಂದು ಗುರುವಾರ ಬೆಳಿಗ್ಗೆ ಜನ ಬಂದು ವಿಚಾರಿಸುವ ನಮ್ಮ ಮುಂಗಟ್ಟೆಯ ಕಂಪ್ಯೂಟರಿಗೆ ರೋಗ ಬಡಿಯಿತು. ಯಾರೋ ಕಳುಹಿಸಿದ ಯಾವುದೋ ಕಡತವನ್ನು ಯಾರೋ ತೆರೆದಿದ್ದರು, ಅಷ್ಟೇ. ಆ ಯಂತ್ರ ನಮ್ಮ ಹೆಸರಿನಲ್ಲಿ ಲೋಕಕ್ಕೆಲ್ಲ ಕಸದ ಪತ್ರಗಳನ್ನು ಎರಚಲು ಶುರುಮಾಡಿತು. ನಾನು ಅದರ ತಂತಿ ಕಿತ್ತು, ಒರೆಸಿ ತೊಳೆದು, ಇನ್ನು ಮುಂದೆ ಇಂಥದ್ದು ಆಗದಿರಲೆಂದು ಫೈರ್‌ವಾಲನ್ನು ಬಿಗಿಗೊಳಿಸಲು ಕುಳಿತೆ. ಫೈರ್‌ವಾಲ್ ಎಂದರೆ ಬೆಂಕಿಯೂ ಅಲ್ಲ, ಗೋಡೆಯೂ ಅಲ್ಲ, ಅದೊಂದು ಕಾವಲುಗಾರ. ಅವನ ಕೈಯಲ್ಲಿ ನಾವು ಬರೆದುಕೊಟ್ಟ ಒಂದು ಪಟ್ಟಿ. ಲ್ಯಾಬಿನಿಂದ ಹೊರಹೊರಡುವ ಪ್ರತಿಯೊಂದನ್ನೂ ಅವನು ನಿಲ್ಲಿಸಿ, ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬರುತ್ತಾನೆ. ಯಾವ ಸಾಲು ಮೊದಲು ಅನ್ವಯಿಸುತ್ತದೋ ಅದರಂತೆ ನಡೆದು, ಅಲ್ಲಿಗೇ ಓದುವುದನ್ನು ನಿಲ್ಲಿಸುತ್ತಾನೆ. ಕೆಳಗೆ ಏನು ಬರೆದಿದೆಯೆಂಬುದು ಅವನಿಗೆ ಬೇಕಿಲ್ಲ.

ನಾನು ಎರಡು ಸಾಲು ಬರೆದೆ. ಲ್ಯಾಬಿನಲ್ಲಿ ಇಮೇಲ್ ಕಳುಹಿಸುವುದಕ್ಕೆಂದೇ ಒಂದು ಪ್ರತ್ಯೇಕ ಕಂಪ್ಯೂಟರಿದೆ. 'ಅದರಿಂದ ಹೊರಡುವ ಅಂಚೆಯನ್ನು ಹೊರಗೆ ಬಿಡು' ಎಂಬುದು ಒಂದು ಸಾಲು. 'ಯಾರ ಅಂಚೆಯನ್ನೂ ಹೊರಗೆ ಬಿಡಬೇಡ' ಎಂಬುದು ಇನ್ನೊಂದು. ಮೊದಲು ಬರಬೇಕಾದದ್ದು ಬಿಡುವ ಸಾಲು, ಆಮೇಲೆ ತಡೆಯುವ ಸಾಲು. ನಾನು ಅವುಗಳನ್ನು ಅದಲುಬದಲು ಮಾಡಿದೆ. ಆಯಾಸವಿರಲಿಲ್ಲ, ಅವಸರವಿತ್ತು, ಮಾರನೆಯ ದಿನ ನನ್ನ ತಂದೆಯ ಶ್ರಾದ್ಧ, ಆರು ಗಂಟೆಯ ಬಸ್ಸು ಹಿಡಿಯಬೇಕಿತ್ತು. ಪರೀಕ್ಷಿಸಲಿಲ್ಲವೆಂದೂ ಹೇಳಲಾರೆ. ನನ್ನ ಮೇಜಿನಿಂದ ನನಗೇ ಒಂದು ಪತ್ರ ಕಳುಹಿಸಿ ನೋಡಿದೆ, ಬಂತು. ಆದರೆ ಅದು ಹೋದದ್ದು ಎಲ್ಲರೂ ಜಾಲತಾಣಗಳನ್ನು ನೋಡುವ ಬೇರೊಂದು ಬಾಗಿಲಿನಿಂದ. ನಾನು ಮುಚ್ಚಿದ ಬಾಗಿಲನ್ನು ನಾನು ತಟ್ಟಿಯೇ ಇರಲಿಲ್ಲ. ತಟ್ಟಿದೆನೆಂದುಕೊಂಡು ಚೀಲ ಹೆಗಲಿಗೇರಿಸಿದೆ.

ನಮ್ಮ ತಂದೆ ಹೊಳೆನರಸೀಪುರದ ಒಂದು ದೇವಸ್ಥಾನದಲ್ಲಿ ಅರ್ಚಕರಾಗಿದ್ದವರು. ಶುಕ್ರವಾರ ಬೆಳಿಗ್ಗೆ ಅಣ್ಣ ಪಿಂಡಪ್ರದಾನಕ್ಕೆ ಕುಳಿತ. ನಾನು, ಅತ್ತಿಗೆ ಒಳಗೆ ಮಡಿಯಲ್ಲಿ ವಡೆ ತಟ್ಟುತ್ತಿದ್ದೆವು. ಎಲ್ಲ ಮುಗಿದು ಹಿತ್ತಲಿನ ಕಟ್ಟೆಯ ಮೇಲೆ ಕಾಗೆಗೆ ಇಟ್ಟದ್ದಾಯಿತು. ಕಾಗೆ ಬರಲಿಲ್ಲ. ಅಣ್ಣ ಒದ್ದೆ ಪಂಚೆಯಲ್ಲಿ ನಿಂತು 'ಕಾ, ಕಾ' ಎಂದು ಕರೆಯುತ್ತಲೇ ಇದ್ದ, ನಾವೆಲ್ಲ ಹೊಟ್ಟೆಗಿಲ್ಲದೆ ಮೂರು ಗಂಟೆಯವರೆಗೆ ಕಾದೆವು. ಆಗ ನನ್ನ ಮೊಬೈಲಿಗೆ ಸುಧಾಳ ಸಂದೇಶ ಬಂತು. 'ವಸಂತಾ ಮೇಡಂ, ಮೇಲ್ ಬಂದಿಲ್ಲ ಅಂತ ಇಬ್ಬರು ಫೋನ್ ಮಾಡಿದ್ರು. ಹೋಗ್ತಾ ಇದೆಯಾ?' ನಾನು ಮಡಿಯಲ್ಲಿದ್ದೆ, ಮುಟ್ಟಬಾರದಾಗಿತ್ತು. ಆದರೂ ಕೈ ಒರೆಸಿಕೊಂಡು ಉತ್ತರ ಬರೆದೆ: 'ನಾನೇ ಟೆಸ್ಟ್ ಮಾಡಿ ಬಂದಿದೀನಿ ಸುಧಾ. ಹೋಗ್ತಿದೆ. ಅವರ ಸ್ಪ್ಯಾಮ್‌ನಲ್ಲಿ ನೋಡೋಕೆ ಹೇಳು.'

ಸತ್ತವರಿಗೆ ಇಟ್ಟ ತುತ್ತು ತಲುಪಿತೆಂಬುದಕ್ಕೂ ಒಂದು ಕಾಗೆಯ ಸಾಕ್ಷಿ ಬೇಕೆಂದು, ಅದು ಬಂದು ಮುಟ್ಟುವವರೆಗೆ ಬದುಕಿದ್ದವರು ಉಣ್ಣಬಾರದೆಂದು ನಿಯಮ ಮಾಡಿದ ಹಿರಿಯರ ನಡುವೆ ನಿಂತುಕೊಂಡು, ಬದುಕಿದ್ದವರಿಗೆ ಕಳುಹಿಸಿದ್ದು ತಲುಪಿತೆಂದು ನಾನು ನೋಡದೆಯೇ ಹೇಳಿಬಿಟ್ಟೆ. ಈ ಯೋಚನೆ ಬಂದದ್ದು ಬಹಳ ದಿನಗಳ ಮೇಲೆ. ಆ ಹೊತ್ತಿನಲ್ಲಿ ನನಗೆ ಅನ್ನಿಸಿದ್ದು ಸುಧಾಳ ಮೇಲೆ ಸಣ್ಣದೊಂದು ಸಿಡುಕು ಮಾತ್ರ. ಸ್ವಲ್ಪ ಹೊತ್ತಿಗೆ ಕಾಗೆಯೂ ಬಂತು, ನಾವು ಉಂಡೆವು.

ಶನಿವಾರವೂ ರಜೆ ಹಾಕಿದ್ದ ನಾನು ಸೋಮವಾರ ಲ್ಯಾಬಿಗೆ ಹೋದಾಗ ಮುಂಗಟ್ಟೆಯಲ್ಲಿ ಜನ ನಿಂತಿದ್ದರು. ಮೂರು ದಿನಗಳಿಂದ ಯಾರಿಗೂ ವರದಿ ಹೋಗಿರಲಿಲ್ಲ. ಹಾಸನದವರು ಬಂದು ಕಾಗದದಲ್ಲಿ ಪಡೆದುಕೊಂಡಿದ್ದರು, ಊರುಗಳವರು ಕಾದಿದ್ದರು. ನಮ್ಮ ಪರದೆಗಳ ಮೇಲೆಲ್ಲ ಪ್ರತಿ ವರದಿಯ ಪಕ್ಕ 'ಕಳುಹಿಸಲಾಗಿದೆ' ಎಂದೇ ಇತ್ತು, ಏಕೆಂದರೆ ಸುಧಾಳ ಯಂತ್ರ ಅದನ್ನು ಇಮೇಲ್ ಕಂಪ್ಯೂಟರಿಗೆ ಒಪ್ಪಿಸಿ ಕೈತೊಳೆದುಕೊಂಡಿತ್ತು. ಇಮೇಲ್ ಕಂಪ್ಯೂಟರು ಬಾಗಿಲಿಗೆ ಬಂದು, ತಡೆಸಿಕೊಂಡು, ಹಿಂದಿರುಗಿ, ಮತ್ತೆ ಬಂದು, ಹೀಗೆ ಮೂರು ದಿನ ಅಲೆದಿತ್ತು. ಕಾವಲುಗಾರ ತಡೆದದ್ದನ್ನು ತಡೆದೆನೆಂದು ಯಾರಿಗೂ ಹೇಳಿರಲಿಲ್ಲ. ಹಾಗೆ ಸದ್ದಿಲ್ಲದೆ ತಡೆಯಬೇಕೆಂದೂ ನಾನೇ ಬರೆದಿದ್ದೆ. ಸದ್ದು ಮಾಡಿದರೆ ಹೊರಗಿನ ಕಳ್ಳನಿಗೆ ಇಲ್ಲೊಂದು ಬಾಗಿಲಿದೆಯೆಂದು ತಿಳಿಯುತ್ತದೆ ಎಂಬುದು ನಮ್ಮ ಕಸುಬಿನ ಜಾಣತನ.

ಪಟ್ಟಿ ತೆರೆದೆ. ತಪ್ಪು ಕಣ್ಣಿಗೆ ಹೊಡೆಯುವಂತೆ ಅಲ್ಲೇ ಇತ್ತು. ಕೆಳಗಿನ ಸಾಲನ್ನು ಹಿಡಿದು ಮೇಲಕ್ಕೆ ಎಳೆದು ಬಿಟ್ಟೆ. ಆಮೇಲೆ ಕೂಡಿಬಿದ್ದಿದ್ದ ಪತ್ರಗಳೆಲ್ಲ ಒಟ್ಟಿಗೆ ಹೊರಡಲೆಂದು ಅಪ್ಪಣೆ ಕೊಟ್ಟೆ. ನೂರಾರು ಪತ್ರಗಳು, ಮಳೆಗಾಲದಲ್ಲಿ ಗೊರೂರಿನ ಅಣೆಕಟ್ಟೆಯ ತೂಬೆತ್ತಿದಂತೆ, ಒಂದರ ಹಿಂದೊಂದು ಹೊರಟವು. ಪರದೆಯ ಮೇಲೆ ಸಾಲುಗಳು ಓಡುತ್ತಿದ್ದುದನ್ನು ನೋಡುತ್ತಾ ನನಗೆ ಖುಷಿಯಾಯಿತು. ನಿಮ್ಮಿಂದ ಇದನ್ನು ಮುಚ್ಚಿಡಲಾರೆ. ಸಿಕ್ಕು ಬಿಡಿಸಿದವಳ ಖುಷಿ ಅದು. 'ಸರಿಹೋಯ್ತು ನೋಡು' ಎಂದು ಸುಧಾಳ ಬೆನ್ನು ತಟ್ಟಿ ಕಾಫಿಗೆ ಹೋದೆ. ಆ ಪತ್ರಗಳಲ್ಲೊಂದು ಅರಕಲಗೂಡಿನಲ್ಲಿ ಸಾವಿನ ಮೂರನೆಯ ದಿನದ ಹಾಲುತುಪ್ಪದ ಶಾಸ್ತ್ರ ಮುಗಿಸಿ ಆಗತಾನೇ ಮನೆಗೆ ಬಂದು ಕುಳಿತಿದ್ದವರ ನಡುವೆ, ದೇವರ ಗೂಡಿನಲ್ಲಿಟ್ಟಿದ್ದ ಸತ್ತವನ ಮೊಬೈಲಿನಲ್ಲಿ, 'ಟಿಂಗ್' ಎಂದದ್ದು ನನಗೆ ಹೇಗೆ ತಿಳಿಯಬೇಕು?

ಹೇಗೆಂದರೆ, ಎರಡು ವಾರದ ಮೇಲೆ ಆ ಮೊಬೈಲನ್ನು ಹಿಡಿದುಕೊಂಡು ಅವನ ಹೆಂಡತಿಯೇ ಲ್ಯಾಬಿಗೆ ಬಂದಳು.

ಸರ್ವಮಂಗಳಮ್ಮ ಎಂದು ಆಕೆಯ ಹೆಸರು. ಐವತ್ತರ ಆಸುಪಾಸು, ಬರಿದಾದ ಕೈ, ಹಣೆಯಲ್ಲಿ ವಿಭೂತಿ. ಗಂಡ ಚನ್ನಬಸಪ್ಪ ಅರಕಲಗೂಡಿನ ಪೇಟೆಯಲ್ಲಿ ತಮ್ಮನ ಜೊತೆಗೂಡಿ ಹಗ್ಗ, ಗುದ್ದಲಿ, ಮೊಳೆ, ಬಣ್ಣದ ಡಬ್ಬಗಳ ಅಂಗಡಿ ನಡೆಸುತ್ತಿದ್ದರಂತೆ. ಕೆಲವು ದಿನಗಳಿಂದ ಕಾಲಿನಲ್ಲಿ ಶಕ್ತಿಯಿಲ್ಲ, ಎದ್ದು ನಿಂತರೆ ಜೋಲಿ ಹೊಡೆಯುತ್ತದೆ ಎನ್ನುತ್ತಿದ್ದರಂತೆ. ಅಲ್ಲಿನ ಡಾಕ್ಟರು ಶುಕ್ರವಾರ ಬೆಳಿಗ್ಗೆ ರಕ್ತ ಕೊಡಿಸಿ, ವರದಿ ಬಂದ ಮೇಲೆ ಔಷಧಿ ಬದಲಿಸೋಣ ಎಂದಿದ್ದರು. ವರದಿ ಬರಲಿಲ್ಲ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅಂಗಡಿಯ ಕುರ್ಚಿಯಲ್ಲಿ ಕುಳಿತಿದ್ದವರು ಹಾಗೆಯೇ ಒರಗಿದರು.

ಆಕೆ ಮೊಬೈಲನ್ನು ಸುಧಾಳ ಮುಂದೆ ಇಟ್ಟು ಕೇಳಿದಳು, "ಇದ್ರಲ್ಲಿ ಕೆಂಪ್ಗೆ ಬರ್ದವ್ರಲ್ಲ, ಅದೇನು ಅಂತ ವಸಿ ಏಳಿ ತಾಯಿ."

ಸುಧಾ ನೋಡಿದಳು. ಅವಳ ಮುಖ ಬಿಳಿಚಿದ್ದನ್ನು ನಾನು ನನ್ನ ಮೇಜಿನಿಂದಲೇ ಕಂಡು ಎದ್ದು ಬಂದೆ. ರಕ್ತದಲ್ಲಿ ಪೊಟ್ಯಾಶಿಯಂ ಎಂಬ ಲವಣವಿರುತ್ತದೆ; ಅದು ಒಂದು ಮಿತಿ ಮೀರಿದರೆ ಹೃದಯದ ಬಡಿತವೇ ನಿಂತುಹೋಗಬಹುದು. ಚನ್ನಬಸಪ್ಪನವರ ರಕ್ತದಲ್ಲಿ ಅದು ಬಹಳ ಮೀರಿತ್ತು. ಶುಕ್ರವಾರ ಮಧ್ಯಾಹ್ನವೇ ಸುಧಾ ಅದನ್ನು ಕಂಡು, 'ತುರ್ತು' ಎಂಬ ಗುರುತು ಹಾಕಿ ಡಾಕ್ಟರಿಗೂ ರೋಗಿಗೂ ಕಳುಹಿಸಿದ್ದಳು. ಹಿಂದೆಲ್ಲ ಅಂಥ ವರದಿ ಬಂದರೆ ಫೋನೂ ಮಾಡುತ್ತಿದ್ದರು. ಇಮೇಲ್ ತಕ್ಷಣ ತಲುಪುತ್ತದೆಂಬ ಭರವಸೆಯಲ್ಲಿ ಆ ರೂಢಿ ತಾನಾಗಿ ಬಿಟ್ಟುಹೋಗಿತ್ತು. ಆ ಭರವಸೆಯನ್ನು ಅವರಿಗೆ ಕೊಟ್ಟವಳೂ ನಾನೇ.

ಸುಧಾ ಮೆಲ್ಲಗೆ, "ಒಂದು ಉಪ್ಪಿನಂಶ ಅಮ್ಮ. ಅದು ಜಾಸ್ತಿ ಇತ್ತು," ಎಂದಳು.

"ಪೊಟ್ಯಾಸು ಅಂತಾರಲ್ಲ, ಅದಾ?"

"ಹೌದು."

"ಅದು ಎಳ್ನೀರಲ್ಲಿ ಐತಂತೆ. ನಿಜವಾ?"

ಸುಧಾ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. "ಇರುತ್ತಮ್ಮ," ಎಂದಳು ಸುಧಾ.

ಸರ್ವಮಂಗಳಮ್ಮ ಹೇಳಿದಳು, "ನಮ್ ತವ್ರುಮನೆ ಬಾಗೂರು. ನಮ್ಮಣ್ಣ ಗುರುವಾರ ಒಂದು ಗೊನೆ ಎಳ್ನೀರು ಕಳ್ಸಿದ್ದ. ಸುಸ್ತು ಅಂತಿದ್ರಲ್ಲ, ಶುಕ್ರವಾರ ಸಂಜೆ ಕೊಟ್ಟೆ, ಶನಿವಾರ ಬೆಳಗ್ಗೆ ಕೊಟ್ಟೆ. ನಮ್ ಮೈದ್ನನ ಪರಿಚಯದೋರು ಒಬ್ರು ಆಸ್ಪತ್ರೇಲವ್ರೆ. ಈ ರಿಪೋರ್ಟು ನೋಡಿ, ಇಂಥೋರ್ಗೆ ಎಳ್ನೀರು ಇಸ ಅಂದ್ರಂತೆ. ಆವತ್ತಿಂದ ಮನೇಲಿ ನನ್ನ ಯಾರೂ ಮಾತಾಡುಸ್ತಿಲ್ಲ."

ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಶುಕ್ರವಾರದ್ದು ಅಂತ ಬರ್ದೈತೆ, ಸೋಮವಾರ ಬಂತು. ಯಾಕೆ ಮೇಡಮ್ಮೋರೆ?"

ಸ್ನೇಹಿತರೇ, ಆ ಪ್ರಶ್ನೆಗೆ ಉತ್ತರ ಬಲ್ಲವರು ಜಗತ್ತಿನಲ್ಲಿ ಒಬ್ಬರೇ ಇದ್ದರು, ಅವರು ಆಕೆಯಿಂದ ಒಂದು ಮೊಳ ದೂರದಲ್ಲಿ ನಿಂತಿದ್ದರು. "ನೆಟ್‌ವರ್ಕ್ ಪ್ರಾಬ್ಲಮ್ ಇತ್ತಮ್ಮ," ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಬಹುಶಃ ಅದು ಪೂರ್ತಿ ಸುಳ್ಳೂ ಅಲ್ಲದ್ದರಿಂದ ನಾಲಿಗೆ ತೊಡರಲಿಲ್ಲ. ಆಕೆ ನಂಬಿದಳು. "ಅಂಗಾ," ಎಂದು ಮೊಬೈಲನ್ನು ಸೆರಗಿನ ತುದಿಯಲ್ಲಿ ಸುತ್ತಿಕೊಂಡು, "ಬತ್ತೀನಿ ತಾಯಿ" ಎಂದು ಇಬ್ಬರಿಗೂ ಕೈಮುಗಿದು ಹೋದಳು. ನಮ್ಮ ಕಡೆ ಹೋಗುವವರು 'ಹೋಗುತ್ತೇನೆ' ಎನ್ನುವುದಿಲ್ಲ, 'ಬರುತ್ತೇನೆ' ಎನ್ನುತ್ತಾರೆ. ಆ ಮಾತು ನನ್ನನ್ನು ದಿನಗಟ್ಟಲೆ ಹೆದರಿಸಿತು.

ಅಂದೇ ನಮ್ಮ ಲ್ಯಾಬಿನ ಯಜಮಾನರಾದ ಡಾಕ್ಟರ ಕೊಠಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬಹಳ ಹೊತ್ತು ಕಣ್ಣುಜ್ಜಿಕೊಂಡರು. "ನೋಡಮ್ಮ ವಸಂತಾ," ಎಂದರು, "ವರದಿ ಶುಕ್ರವಾರವೇ ಹೋಗಿದ್ರೂ ಆತ ಉಳೀತಿದ್ದ ಅಂತ ಹೇಳೋಕಾಗಲ್ಲ. ಡಾಕ್ಟರು ಆ ಸಂಜೆ ಮೇಲ್ ನೋಡ್ತಿದ್ರೋ ಇಲ್ವೋ. ನಾವು ಫೋನ್ ಮಾಡ್ಬೇಕಿತ್ತು, ಮಾಡ್ಲಿಲ್ಲ, ಅದು ನನ್ನ ತಪ್ಪು. ಇವತ್ತಿಂದ ಫೋನ್ ಮಾಡೋಣ. ಆದ್ರೆ ನೀನು ಹೋಗಿ ಹೇಳೋದ್ರಿಂದ ಸತ್ತೋರು ಎದ್ದು ಬರ್ತಾರಾ?"

"ಬರಲ್ಲ ಸರ್. ಆದ್ರೆ ಆಕೆ ತಾನೇ ಕೊಂದೆ ಅಂದ್ಕೊಂಡಿದಾಳೆ."

"ಆ ಎಳನೀರೂ ಒಂದು ಕಾರಣ ಇರಬಹುದು, ವಸಂತಾ. ಅದನ್ನ ಇಲ್ಲ ಅಂತ ನೀನು ಹೇಗೆ ಹೇಳ್ತೀಯ?"

ನನ್ನನ್ನು ಕೆಲಸದಿಂದ ತೆಗೆಯಿರಿ ಎಂದೆ. "ತೆಗೆದು? ನಾಳೆ ಆ ಫೈರ್‌ವಾಲ್ ಯಾರು ನೋಡ್ತಾರೆ?" ಎಂದು ಕೇಳಿದರು. ವ್ಯಂಗ್ಯವಾಗಿ ಅಲ್ಲ, ನಿಜವಾಗಿಯೇ ಕೇಳಿದರು. ಶಿಕ್ಷೆಯೆಂದರೆ ಏನೋ ಒಂದು ಬಂದು ಬಡಿಯುತ್ತದೆಂದು ನಾವು ಚಿಕ್ಕಂದಿನಿಂದ ಕೇಳುತ್ತ ಬೆಳೆಯುತ್ತೇವೆ. ಏನೂ ಬಂದು ಬಡಿಯದಿರುವುದು, ಮಾರನೆಯ ದಿನವೂ ಅದೇ ಬಸ್ಸು, ಅದೇ ಕುರ್ಚಿ, ಅದೇ ಪಟ್ಟಿ, 'ವಸಂತಾ ಮೇಡಂ ಇದ್ದಾರಲ್ಲ' ಎಂಬ ಅದೇ ನಂಬಿಕೆ ನಮ್ಮನ್ನು ಎದುರುಗೊಳ್ಳುವುದು, ಅದರ ಭಾರವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಆ ದಿನಗಳಲ್ಲಿ ನಾನು ನನ್ನ ಪರವಾಗಿ ಎಷ್ಟೆಲ್ಲ ವಾದ ಹೂಡಿದೆನೆಂದು ಹೇಳಿದರೆ ನೀವು ಮರುಗುತ್ತೀರೋ ನಗುತ್ತೀರೋ ತಿಳಿಯದು. ಕಡತ ತೆರೆದವರು ತೆರೆಯದಿದ್ದರೆ; ತಿಥಿ ಒಂದು ದಿನ ಹಿಂದೆ ಬಿದ್ದಿದ್ದರೆ; ಕಾಗೆ ಬೇಗ ಬಂದು, ಸುಧಾಳ ಸಂದೇಶ ಓದುವ ಹೊತ್ತಿಗೆ ನನ್ನ ಹೊಟ್ಟೆ ತುಂಬಿ ಮನಸ್ಸು ಸಮಾಧಾನವಾಗಿದ್ದಿದ್ದರೆ. 'ರೆ' ಎಂಬ ಒಂದೇ ಪ್ರತ್ಯಯವನ್ನು ಹಿಡಿದು ಮನುಷ್ಯ ಎಷ್ಟು ದೂರ ಓಡಬಲ್ಲ! ಎಷ್ಟು ಓಡಿದರೂ ಕೊನೆಗೆ ತಲುಪುತ್ತಿದ್ದದ್ದು ಆ ಎರಡು ಸಾಲುಗಳಿಗೇ. ಬಸ್ಸಿನಲ್ಲಿ ಯಾರಾದರೂ ಅರಕಲಗೂಡಿನ ಹೆಸರೆತ್ತಿದರೆ ಕಿಟಕಿಯ ಕಡೆ ತಿರುಗುತ್ತಿದ್ದೆ. ಅಣ್ಣ ಒಂದು ಸಂಜೆ, "ಏನಾಗಿದೆ ನಿಂಗೆ?" ಎಂದು ಕೇಳಿದ, ಹೇಳಿದೆ. ಅವನು ಹೈಸ್ಕೂಲು ಮೇಷ್ಟ್ರು, ತಪ್ಪು ತಿದ್ದುವುದು ಅವನ ಕಸುಬು. ಬಹಳ ಯೋಚಿಸಿ, "ಹೇಳಿದ್ರೆ ನಿನ್ನ ಭಾರ ಇಳಿಯುತ್ತೆ ಅಂತ ಹೋಗೋದಾದ್ರೆ ಹೋಗ್ಬೇಡ. ಆಕೆಗೆ ಗೊತ್ತಾಗ್ಬೇಕು ಅಂತ ಹೋಗೋದಾದ್ರೆ ಹೋಗು," ಎಂದ. ಯಾವುದಕ್ಕಾಗಿ ಹೋಗುತ್ತಿದ್ದೇನೆಂದು ನನಗೇ ಸ್ಪಷ್ಟವಿರಲಿಲ್ಲ. ಆದರೂ ಒಂದು ಭಾನುವಾರ ಹೊರಟೆ.

ಅಂಗಡಿಯ ಹಿಂದೆಯೇ ಮನೆ. ಸರ್ವಮಂಗಳಮ್ಮ ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಒಬ್ಬಳೇ ಕುಳಿತಿದ್ದಳು. ನನ್ನನ್ನು ಗುರುತಿಸಿ, ಚಾಪೆ ಹಾಸಿ, ನೀರು ತಂದುಕೊಟ್ಟಳು. ನಾನು ನೀರು ಮುಟ್ಟದೆ ಹೇಳತೊಡಗಿದೆ. ಕಾವಲುಗಾರ, ಪಟ್ಟಿ, ಎರಡು ಸಾಲು. ಕಂಪ್ಯೂಟರಿನ ಒಂದು ಪದವನ್ನೂ ಬಳಸದೆ ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ಆಕೆಯ ಕೈ ಹುಣಸೆಹಣ್ಣಿನಲ್ಲೇ ಇತ್ತು; ಮಾತು ಮುಗಿಯುವಷ್ಟರಲ್ಲಿ ಬೀಜ ಬಿಡಿಸುವುದು ನಿಂತಿತ್ತು.

"ಆವತ್ತು ನೆಟ್ವರ್ಕು ಅಂದ್ರಿ," ಎಂದಳು.

"ಸುಳ್ಳು ಹೇಳ್ದೆ ಅಮ್ಮ."

"ಆ ಸಾಲು ಸರಿ ಮಾಡಕ್ಕೆ ಎಷ್ಟೊತ್ತು ಬೇಕಾಯ್ತು ನಿಮ್ಗೆ?"

"ಎರಡು ನಿಮಿಷ," ಎಂದೆ.

"ಎರಡು ನಿಮಿಸ," ಎಂದು ಆಕೆ ನನ್ನ ಮಾತನ್ನೇ ತನ್ನ ಬಾಯಲ್ಲಿ ಒಮ್ಮೆ ಹೇಳಿಕೊಂಡಳು. ಬಯ್ಯಲಿಲ್ಲ. ಬಯ್ದಿದ್ದರೆ ತಲೆಬಾಗಿಸಿ ಕೇಳಲು ಬಂದಿದ್ದೆ. ಬೆರಳಿಗೆ ಅಂಟಿದ್ದ ಹುಣಸೆಯನ್ನು ನಿಧಾನವಾಗಿ ಮೊರದ ಅಂಚಿಗೆ ಒರೆಸಿ, "ಈ ಮಾತ ನಮ್ ಮೈದ್ನನ ಮುಂದೆ ಏಳ್ತೀರಾ?" ಎಂದು ಕೇಳಿದಳು. ಆ ದನಿಯಲ್ಲಿ ಒಂದು ಆಸೆ ಇಣುಕಿದ್ದನ್ನು ನಾನು ಕಂಡೆ, ಕಂಡು ನನಗೂ ಆಸೆಯಾಯಿತು. ಕೊನೆಗೂ ನನ್ನಿಂದ ಒಂದು ಉಪಯೋಗವಾಗುತ್ತದೆ ಎಂದುಕೊಂಡೆ.

ಮೈದುನ ಗುರುಸಿದ್ದಪ್ಪ ಅಂಗಡಿಯಿಂದ ಬಂದು ಜಗಲಿಯ ಮೇಲೆ ಕುಳಿತರು. ಚನ್ನಬಸಪ್ಪ ಅಂಗಡಿಯಲ್ಲಿ ಒರಗಿದಾಗ ತೋಳಿನಲ್ಲಿ ಹಿಡಿದುಕೊಂಡಿದ್ದವರು ಈ ತಮ್ಮನೇ. ನಾನು ಎರಡನೆಯ ಬಾರಿ ಎಲ್ಲವನ್ನೂ ಹೇಳಿದೆ. ಶುಕ್ರವಾರವೇ ವರದಿ ಬಂದಿದ್ದರೆ ಡಾಕ್ಟರು ಎಳನೀರು ಬೇಡವೆನ್ನುತ್ತಿದ್ದರು, ನಿಮ್ಮ ಅತ್ತಿಗೆಗೆ ಏನೂ ತಿಳಿದಿರಲಿಲ್ಲ, ತಿಳಿಯದಂತೆ ಮಾಡಿದವಳು ನಾನು ಎಂದೆ. ಅವರು ಒಂದು ಮಾತನ್ನೂ ತಡೆಯದೆ ಕೇಳಿದರು.

"ನೀವು ಇಲ್ಲಿಗಂಟ ಬಂದು ಒಪ್ಕಂಡಿದ್ದು ದೊಡ್ಡ ಮಾತು ಮೇಡಮ್ಮೋರೆ," ಎಂದರು. "ನಿಮ್ ಮ್ಯಾಲೆ ನಂಗೇನೂ ಕ್ವಾಪ ಇಲ್ಲ. ನೀವು ಮಿಸೀನು ಜೊತೆ ಕೆಲ್ಸ ಮಾಡೋರು, ತಪ್ಪಾಯ್ತದೆ. ಆದ್ರೆ ಕುಡ್ಸಿದ್ದು ಕುಡ್ಸಿದ್ದೇ ಅಲ್ವಾ? ಶನಿವಾರ ಬೆಳಗ್ಗೆ ಅಣ್ಣ ಬ್ಯಾಡ ಕಣೆ, ಒಟ್ಟೆ ತುಂಬೈತೆ ಅಂದ್ರಂತೆ. ಬಲವಂತ ಮಾಡಿ ಕುಡ್ಸವ್ರೆ."

"ಅವರಿಗೆ ಗೊತ್ತಿರಲಿಲ್ಲ," ಎಂದೆ.

"ಗೊತ್ತಿರ್ನಿಲ್ಲ. ನಾನೂ ಅದ್ನೇ ಏಳ್ಕತ್ತೀನಿ. ಏಳ್ಕಂಡ್ರೂ ಅತ್ಗೆ ಮೊಕ ನೋಡಕ್ಕಾಗಕಿಲ್ಲ ನಂಗೆ."

ಎಂದು ಅವರು ಎದ್ದು ಅಂಗಡಿಗೆ ಹೋದರು. ಸರ್ವಮಂಗಳಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಮುಖದಲ್ಲಿ ಆಗ ಇಣುಕಿದ್ದ ಆಸೆ ಇರಲಿಲ್ಲ. ನಾನು ಹೊತ್ತು ತಂದ ಸತ್ಯ ಆ ಮನೆಯಲ್ಲಿ ಯಾರ ಹೆಗಲಿನಿಂದಲೂ ಏನನ್ನೂ ಇಳಿಸಿರಲಿಲ್ಲ. ಅದುವರೆಗೆ ಆಕೆ ಅದೊಂದು ವಿಧಿಯೆಂದಾದರೂ ಅತ್ತು ಸುಮ್ಮನಾಗಬಹುದಿತ್ತು. ಈಗ ಎರಡೇ ನಿಮಿಷದಲ್ಲಿ ತಪ್ಪಿಸಬಹುದಾಗಿತ್ತೆಂಬುದನ್ನೂ ತಿಳಿದು ಬದುಕಬೇಕು. ತಪ್ಪೊಪ್ಪಿಕೊಂಡರೆ ಪಾಪ ಹಗುರಾಗುತ್ತದೆ ಎನ್ನುತ್ತಾರೆ. ಯಾರಿಗೆ ಹಗುರಾಗುತ್ತದೆ, ಯಾರ ಪಾಲಿಗೆ ಹೋಗಿ ಕೂರುತ್ತದೆ ಎಂದು ಅವರು ಹೇಳುವುದಿಲ್ಲ.

ಬಸ್ ನಿಲ್ದಾಣದವರೆಗೆ ಆಕೆ ನನ್ನ ಜೊತೆ ಬಂದಳು. ಬೇಡವೆಂದರೂ ಬಂದಳು, ಮನೆಗೆ ಬಂದವರನ್ನು ಕಳುಹಿಸಿಕೊಡದೆ ಇರುವುದು ಆಕೆಗೆ ತಿಳಿಯದು. ಸಂತೆ ಮುಗಿಸಿದವರು ಚೀಲಗಳನ್ನು ನಡುವೆ ಇಟ್ಟುಕೊಂಡು ನಿಂತಿದ್ದರು. ಹೊಳೆನರಸೀಪುರದ ಬಸ್ಸು ಇನ್ನೂ ಬಂದಿರಲಿಲ್ಲ.

"ಮೇಡಮ್ಮೋರೆ," ಎಂದಳು ಆಕೆ, ನನ್ನ ಕಡೆ ನೋಡದೆ. "ಮೈದ್ನ ಏಳಿದ್ದು ನಿಜವೇಯ. ಬ್ಯಾಡ ಅಂದ್ರು. ನಾನು ಬಿಡ್ನಿಲ್ಲ."

ನಾನು ಆಕೆಯ ಕೈ ಹಿಡಿಯಲು ಹೋದೆ. ಆಕೆ ಹಿಡಿಯಲು ಬಿಟ್ಟಳು, ಕೈಯಲ್ಲಿ ಹಿಡಿತವಿರಲಿಲ್ಲ.

"ಯಾಕ್ ಬಿಡ್ನಿಲ್ಲ ಅಂತ ಯಾರೂ ಕೇಳ್ನಿಲ್ಲ," ಎಂದಳು. "ಶುಕ್ರವಾರ ಸಂಜೆ ಮೊದ್ಲನೇದ ಕುಡುದ್ರಲ್ಲ, ಕುಡುದು ಗೋಡೆಗೊರಕ್ಕಂಡು, 'ಈಗ ಜೀವ ಬಂದಂಗಾಯ್ತು ಕಣೆ' ಅಂದ್ರು. ಎಷ್ಟು ದಿನ ಆಗಿತ್ತು ಆ ಮನುಸ ಅಂಗೆ ನಕ್ಕಂಡು ಮಾತಾಡಿ. ಅದ್ಕೇ ಬೆಳಗ್ಗೆ ಎದ್ದೋಳೇ ಇನ್ನೊಂದು ಕೆತ್ತಿದೆ."

ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ನಾನು ಹತ್ತಿ, ಕಿಟಕಿಯ ಪಕ್ಕ ಸೀಟು ಸಿಕ್ಕಿ ಕೂತು ಹೊರಗೆ ನೋಡಿದಾಗ ಆಕೆ ಅಲ್ಲೇ ನಿಂತಿದ್ದಳು. ನಾನು 'ಬರ್ತೀನಿ' ಎನ್ನಲಿಲ್ಲ. ಆಕೆಯೂ 'ಬನ್ನಿ' ಎನ್ನಲಿಲ್ಲ.